ಶ್ವಾಸಕೋಶದ ಶಸ್ತ್ರಚಿಕಿತ್ಸೆಯಲ್ಲಿ ಗಾಳಿ ಸೋರಿಕೆ: ಅಂಟು ಹಚ್ಚುವ ಕೆಲಸ, ಮೊದಲಿನಿಂದ ಕೊನೆಯವರೆಗೆ

ಶ್ವಾಸಕೋಶದ ಒಂದು ಹಾಲೆಯನ್ನು, ಅಂದರೆ ಅದರ ದೊಡ್ಡ ಭಾಗಗಳಲ್ಲಿ ಒಂದನ್ನು, ತೆಗೆಸಿಕೊಂಡ ರೋಗಿ ಎಷ್ಟು ದಿನ ಆಸ್ಪತ್ರೆಯಲ್ಲಿ ಉಳಿಯಬೇಕೆಂಬುದನ್ನು ಬಹಳ ಸಲ ನಿರ್ಧರಿಸುವುದು ಶ್ವಾಸಕೋಶದಿಂದ ಸೋರಿದ ಗಾಳಿ ಹೊರಹೋಗಲೆಂದು ಎದೆಯೊಳಗೆ ಇಟ್ಟ ಪೈಪಿಗೆ ಜೋಡಿಸಿದ ನೀರಿನ ಬಾಟಲಿಯಲ್ಲಿ ಏಳುವ ಗುಳ್ಳೆಗಳು. ಗುಳ್ಳೆ ನಿಂತರೆ ಪೈಪು ಹೊರಬರುತ್ತದೆ, ಪೈಪು ಹೊರಬಂದರೆ ರೋಗಿ ಮನೆಗೆ ಹೋಗುತ್ತಾರೆ. ನಿಲ್ಲದಿದ್ದರೆ ನೋವಿನಿಂದ ಕೆಮ್ಮಲಾಗದ ಸಂಕಟ, ಕಫ ಕಟ್ಟಿ ನ್ಯುಮೋನಿಯಾ, ಎದೆಗೂಡಿನಲ್ಲಿ ಕೀವು, ಏರುತ್ತಲೇ ಹೋಗುವ ಬಿಲ್ಲು, ಎಲ್ಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಐದು ದಿನ ಮೀರಿಯೂ ನಿಲ್ಲದ ಸೋರಿಕೆಯನ್ನು ದೀರ್ಘಕಾಲದ ಸೋರಿಕೆ ಎಂದು ಲೆಕ್ಕ ಹಾಕುತ್ತಾರೆ.

ಇದನ್ನು ಆಪರೇಷನ್ ಟೇಬಲಿನ ಮೇಲೆಯೇ ತಡೆಯುವ ಸಾಧನಗಳಲ್ಲಿ ಒಂದು, ಶಸ್ತ್ರಚಿಕಿತ್ಸೆಯ ಅಂಟು. ಥಿಯೇಟರಿನಲ್ಲಿ ಕೆಲಸ ಕಲಿಯುತ್ತಿರುವ ಕಿರಿಯ ವೈದ್ಯರು, ಸ್ಕ್ರಬ್ ನರ್ಸ್‌ಗಳು, ಅರಿವಳಿಕೆ ವಿಭಾಗದ ತಂತ್ರಜ್ಞರು ಮತ್ತು ವಾರ್ಡಿನ ಸಿಸ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರು ಪಾಠ ಕಲಿಯುವುದು ಇಂಗ್ಲಿಷಿನಲ್ಲಾದರೂ ರಾತ್ರಿ ಪಾಳಿಯಲ್ಲಿ ರೋಗಿಯ ಮಗನಿಗೋ ಹೆಂಡತಿಗೋ ಕನ್ನಡದಲ್ಲೇ ವಿವರಿಸಬೇಕಾಗುತ್ತದೆ. ಮನೆಯವರೂ ಓದಿಕೊಳ್ಳಬಹುದು, ಪೈಪು, ಬಾಟಲಿ ಮತ್ತು ಮನೆಗೆ ಹೋದ ಮೇಲಿನ ಭಾಗಗಳು ಅವರಿಗೂ ಸೇರಿದವು.

ಉದಾಹರಣೆಗೆ ಒಂದೇ ಸಂದರ್ಭವನ್ನು ಹಿಡಿದುಕೊಳ್ಳುತ್ತೇನೆ. ವರ್ಷಾನುಗಟ್ಟಲೆ ಬೀಡಿ ಸೇದಿ ಎಂಫಿಸೀಮಾ (ಶ್ವಾಸಕೋಶದ ಗಾಳಿಗೂಡುಗಳು ಹಾಳಾಗುವ ಕಾಯಿಲೆ) ಬಂದಿರುವ, ಅರವತ್ತು ದಾಟಿದ ವ್ಯಕ್ತಿಗೆ ಕ್ಯಾನ್ಸರಿಗಾಗಿ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು ತೆಗೆಯುವುದು. ಅಂಟಿನ ಅಗತ್ಯವೂ ಅದರ ಮಿತಿಯೂ ಇಷ್ಟು ಸ್ಪಷ್ಟವಾಗಿ ಕಾಣುವ ಶಸ್ತ್ರಚಿಕಿತ್ಸೆ ಬೇರೆ ಕಡಿಮೆ.

ಗಾಳಿ ಎಲ್ಲಿಂದ ಸೋರುತ್ತದೆ, ಹೇಗೆ ಮುಚ್ಚಿಕೊಳ್ಳುತ್ತದೆ

ಬಲ ಶ್ವಾಸಕೋಶದ ಮೇಲಿನ ಹಾಲೆ ಮತ್ತು ನಡುವಿನ ಹಾಲೆಗಳ ಮಧ್ಯದ ಸೀಳು ಬಹಳ ಜನರಲ್ಲಿ ಪೂರ್ತಿ ಬಿಟ್ಟುಕೊಂಡಿರುವುದಿಲ್ಲ. ಅಲ್ಲಿ ಶ್ವಾಸಕೋಶದ ಅಂಗಾಂಶವನ್ನೇ ಕತ್ತರಿಸಿ ಹಾಲೆಗಳನ್ನು ಬೇರ್ಪಡಿಸಬೇಕು. ಸೋರಿಕೆಗೆ ಇದೇ ಮೊದಲ ಜಾಗ. ಸ್ಟೇಪ್ಲರ್ ಓಡಿದ ಗೆರೆಯ ಅಂಚು, ಪಕ್ಕೆಲುಬಿಗೆ ಅಂಟಿಕೊಂಡಿದ್ದ ಶ್ವಾಸಕೋಶವನ್ನು ಬಿಡಿಸುವಾಗ ಹರಿದ ಹೊರಪೊರೆ, ಹಿಡಿದೆಳೆದ ಉಪಕರಣದ ಗುರುತು ಇವು ಉಳಿದ ಜಾಗಗಳು. ಎಂಫಿಸೀಮಾ ಇದ್ದರೆ ಗಾಳಿಗೂಡುಗಳ ಗೋಡೆಗಳು ಮೊದಲೇ ನಾಶವಾಗಿರುತ್ತವೆ, ಹೊಲಿಗೆಯ ಸೂಜಿ ಹೊಕ್ಕ ತೂತು ಕೂಡ ಸೋರಬಲ್ಲದು.

ಆರೋಗ್ಯವಂತ ಶ್ವಾಸಕೋಶದಲ್ಲಿ ಇಂಥ ಸಣ್ಣ ಗಾಯಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಗಾಯಗೊಂಡ ಮೇಲ್ಮೈ ಎದೆಯ ಒಳಗೋಡೆಗೆ ತಾಗಿದಾಗ ದೇಹದ ಸ್ವಂತ ಫೈಬ್ರಿನ್, ಅಂದರೆ ರಕ್ತದ ಹೆಪ್ಪನ್ನು ಕಟ್ಟುವ ನಾರಿನಂಥ ಪ್ರೋಟೀನ್, ಅಲ್ಲಿ ಹೆಪ್ಪುಗಟ್ಟಿ ಎರಡನ್ನೂ ಅಂಟಿಸುತ್ತದೆ. ಮುಂದಿನ ಎಲ್ಲಾ ಹೆಜ್ಜೆಗಳ ತಿರುಳು ಇಷ್ಟೇ: ಸೋರಿಕೆಯನ್ನು ಗುಣಪಡಿಸುವುದು ಎದೆಗೋಡೆಯನ್ನು ಮುಟ್ಟುವಷ್ಟು ಹಿಗ್ಗಿದ ಶ್ವಾಸಕೋಶ. ಅಂಟು ಆ ಮುಟ್ಟುವಿಕೆ ಆಗುವವರೆಗೆ ಕೆಲವು ದಿನಗಳ ಕಾಲಾವಕಾಶ ಕೊಡುತ್ತದೆ. ಮೇಲಿನ ಹಾಲೆ ತೆಗೆದಾಗ ಎದೆಯ ತುದಿಯಲ್ಲಿ ಖಾಲಿ ಜಾಗ ಉಳಿಯುತ್ತದೆ, ಉಳಿದ ಶ್ವಾಸಕೋಶ ಅಲ್ಲಿಯವರೆಗೆ ಏರಲು ಸಮಯ ಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಸೋರಿಕೆ ಹೆಚ್ಚು ದಿನ ಎಳೆಯುವುದಕ್ಕೆ ಕಾರಣ ಅದೇ.

ನಮ್ಮ ಕರ್ನಾಟಕದ ಎದೆ ಆಸ್ಪತ್ರೆಗಳಲ್ಲಿ ಕ್ಷಯರೋಗದ ನಂತರ ಶ್ವಾಸಕೋಶದ ಮೇಲೆ ಕಟ್ಟಿದ ದಪ್ಪ ಸಿಪ್ಪೆಯನ್ನು ಸುಲಿಯುವ ಡಿಕಾರ್ಟಿಕೇಷನ್ ಕೂಡ ಬಹಳ ನಡೆಯುತ್ತದೆ. ಸುಲಿದಾದ ಮೇಲೆ ಇಡೀ ಮೇಲ್ಮೈಯಲ್ಲಿ ನೂರಾರು ಸಣ್ಣ ಗುಳ್ಳೆಗಳು ಏಳುತ್ತವೆ. ಅಲ್ಲಿ ಎಲ್ಲ ಕಡೆಗೂ ಅಂಟು ಬಳಿಯುವುದು ದುಂದು. ದೊಡ್ಡದಾಗಿ ಹರಿದ ಜಾಗಗಳನ್ನು ಹೊಲಿದು, ಶ್ವಾಸಕೋಶ ಪೂರ್ತಿ ಹಿಗ್ಗುವಂತೆ ಮಾಡಿದರೆ ಉಳಿದವು ಸಾಮಾನ್ಯವಾಗಿ ತಾವಾಗಿ ನಿಲ್ಲುತ್ತವೆ.

ಚಾಕು ಹಿಡಿಯುವ ಮೊದಲು

ಯಾರಿಗೆ ಸೋರಿಕೆ ಎಳೆಯಬಹುದು ಎಂಬುದು ಹೊರರೋಗಿ ವಿಭಾಗದಲ್ಲಿಯೇ ಬಹಳಮಟ್ಟಿಗೆ ಗೊತ್ತಾಗುತ್ತದೆ. ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ ಕಡಿಮೆ ಇರುವವರು, ಸಿ.ಟಿ. ಸ್ಕ್ಯಾನಿನಲ್ಲಿ ಎಂಫಿಸೀಮಾ ಕಂಡವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ತೂಕ ತೀರಾ ಕಡಿಮೆ ಇರುವವರು, ಹಿಂದೆ ಕ್ಷಯವೋ ಕೀವೋ ಆಗಿ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿರುವವರು. ನಮ್ಮ ಉದಾಹರಣೆಯ ವ್ಯಕ್ತಿಯಲ್ಲಿ ಇವುಗಳಲ್ಲಿ ಎರಡು ಮೂರಾದರೂ ಇರುತ್ತವೆ. ಇಂಥವರಿಗೆ ಅಂಟನ್ನು ಮೊದಲೇ ತರಿಸಿಡಿ. ಎದೆ ತೆರೆದಿರುವಾಗ ಔಷಧಿ ಅಂಗಡಿಗೆ ಓಡುವ ಪರಿಸ್ಥಿತಿ ಯಾರಿಗೂ ಬರಬಾರದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಅಂಟಿನ ಮೂಲವನ್ನು ಹೇಳಲೇಬೇಕು. ಫೈಬ್ರಿನ್ ಅಂಟು ಮನುಷ್ಯರ ರಕ್ತದ ಪ್ಲಾಸ್ಮಾದಿಂದ ತಯಾರಾಗುತ್ತದೆ. ಕೆಲವು ಫೈಬ್ರಿನ್ ಅಂಟುಗಳಲ್ಲಿ ಹೆಪ್ಪು ಬೇಗ ಕರಗದಂತೆ ತಡೆಯುವ, ದನದಿಂದ ಪಡೆದ ಅಪ್ರೊಟಿನಿನ್ ಎಂಬ ವಸ್ತು ಇರುತ್ತದೆ, ಹಿಂದೆ ಅದಕ್ಕೆ ಅಲರ್ಜಿ ಆಗಿದ್ದರೆ ಅಪಾಯ. ಪಟ್ಟಿಯ ರೂಪದ ಟ್ಯಾಕೋಸಿಲ್‌ನ ಕೊಲಾಜೆನ್ ಕುದುರೆಯದು, ಬಯೋಗ್ಲೂ ಎಂಬ ಇನ್ನೊಂದು ಅಂಟಿನ ಆಲ್ಬುಮಿನ್ ದನದ್ದು. ಸಸ್ಯಾಹಾರಿಗಳಿಗೆ, ಧಾರ್ಮಿಕ ಕಾರಣಗಳಿಂದ ರಕ್ತದ ಉತ್ಪನ್ನ ಬೇಡವೆನ್ನುವವರಿಗೆ ಇದು ಸಣ್ಣ ವಿಷಯವಲ್ಲ. ಬೆಲೆಯನ್ನೂ ಆಗಲೇ ತಿಳಿಸಿ, ವಿಮೆ ಅಥವಾ ಸರ್ಕಾರಿ ಯೋಜನೆಯಲ್ಲಿ ಅಂಟಿನ ಖರ್ಚು ಸೇರುತ್ತದೆಯೇ ಎಂದು ಬಿಲ್ಲಿಂಗ್ ವಿಭಾಗದಲ್ಲಿ ಬರಹದಲ್ಲಿ ಕೇಳಿಸಿ. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರಗಳಿಗಿಂತ ಮೊದಲೇ ಬೀಡಿ ಬಿಡಿಸುವುದು ಅಂಟಿಗಿಂತ ಅಗ್ಗವಾದ, ಅದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ.

ಅಂಟಿನ ಅಗತ್ಯವೇ ಬಾರದಂತೆ

ಒಳ್ಳೆಯ ಅಂಟು ಕೆಟ್ಟ ಕೈಕೆಲಸವನ್ನು ಮುಚ್ಚಿಹಾಕಲಾರದು. ಶ್ವಾಸಕೋಶವನ್ನು ಹಲ್ಲಿರುವ ಉಪಕರಣದಿಂದ ಹಿಡಿಯಬೇಡಿ. ಸೀಳು ಪೂರ್ತಿ ಬಿಟ್ಟುಕೊಂಡಿಲ್ಲದಿದ್ದರೆ ಅದರೊಳಗೆ ಕೆದಕಿ ರಕ್ತನಾಳ ಹುಡುಕುವ ಹಳೆಯ ಕ್ರಮಕ್ಕಿಂತ, ಮುಂಭಾಗದಿಂದ ರಕ್ತನಾಳ ಮತ್ತು ಶ್ವಾಸನಾಳದ ಕವಲನ್ನು ಮೊದಲು ಬೇರ್ಪಡಿಸಿ ಕೊನೆಯಲ್ಲಿ ಸೀಳಿನ ಮೇಲೆ ಸ್ಟೇಪ್ಲರ್ ಓಡಿಸುವ ಕ್ರಮ ಸೋರಿಕೆಯನ್ನು ಕಡಿಮೆ ಮಾಡುತ್ತದೆ. ಎಂಫಿಸೀಮಾ ಇರುವಲ್ಲಿ ಸ್ಟೇಪ್ಲರ್ ಗೆರೆಗೆ ಪೆರಿಕಾರ್ಡಿಯಂ (ಹೃದಯವನ್ನು ಸುತ್ತಿದ ಪೊರೆ) ಅಥವಾ ಕರಗುವ ಬಟ್ಟೆಯ ಪಟ್ಟಿಯ ಆಸರೆ ಕೊಡಬಹುದು. ಎದೆಯ ತುದಿಯಲ್ಲಿ ಖಾಲಿ ಜಾಗ ದೊಡ್ಡದಾಗಿ ಉಳಿಯುವಂತಿದ್ದರೆ ಅಲ್ಲಿನ ಒಳಗೋಡೆಯ ಪೊರೆಯನ್ನು ಬಿಡಿಸಿ ಶ್ವಾಸಕೋಶದ ಮೇಲೆ ಡೇರೆಯಂತೆ ಇಳಿಬಿಡುವುದು ಒಳ್ಳೆಯ ಉಪಾಯ. ಕೆಳಭಾಗದ ಕಟ್ಟುಪೊರೆಯನ್ನು ಬಿಡಿಸಿದರೆ ಉಳಿದ ಶ್ವಾಸಕೋಶ ಮೇಲೇರಲು ಸುಲಭ.

ಸೋರುವ ಜಾಗವನ್ನು ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಎದೆಗೂಡಿನೊಳಗೆ ದೇಹದ ಬಿಸಿಗೆ ತಂದ ಸಲೈನ್ ತುಂಬಿಸಿ. ತಣ್ಣನೆಯ ನೀರು ಹೃದಯದ ಲಯವನ್ನು ಕೆಡಿಸಬಹುದು. ಆಪರೇಷನ್ ಮಾಡಿದ ಕಡೆಯ ಶ್ವಾಸಕೋಶಕ್ಕೆ ಗಾಳಿ ಬಿಡುವಂತೆ ಅರಿವಳಿಕೆ ವೈದ್ಯರಿಗೆ ಹೇಳಿ, ಆ ಗಾಳಿಯ ಒತ್ತಡವನ್ನು ನಿಧಾನವಾಗಿ 20 ಸೆಂ.ಮೀ. ನೀರಿನ ಮಟ್ಟಕ್ಕೆ (cmH2O, ಗಾಳಿಯ ಒತ್ತಡ ಅಳೆಯುವ ಮಾನ), ಬೇಕಿದ್ದರೆ 25ಕ್ಕೆ ಏರಿಸಲಿ. ಅದಕ್ಕಿಂತ ಜೋರಾಗಿ ಊದಿದರೆ ಇಲ್ಲದ ಸೋರಿಕೆಯನ್ನು ನಾವೇ ಹುಟ್ಟುಹಾಕುತ್ತೇವೆ. ಸೈಕಲ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಪಂಕ್ಚರ್ ಹುಡುಕುವ ಕ್ರಮ ಇದು. ಆದರೆ ಟ್ಯೂಬು ಒಮ್ಮೆ ಗಾಳಿ ತುಂಬಿದ ಮೇಲೆ ಹಾಗೇ ಇರುತ್ತದೆ, ಶ್ವಾಸಕೋಶ ದಿನಕ್ಕೆ ಇಪ್ಪತ್ತು ಸಾವಿರ ಸಲದ ಆಸುಪಾಸು ಹಿಗ್ಗಿ ಕುಗ್ಗುತ್ತದೆ. ತೇಪೆಯ ಕಷ್ಟವೆಲ್ಲ ಈ ವ್ಯತ್ಯಾಸದಲ್ಲಿದೆ.

ಕ್ರಮವಾಗಿ ನೋಡಿ. ಮೊದಲು ಕತ್ತರಿಸಿ ಮುಚ್ಚಿದ ಶ್ವಾಸನಾಳದ ಬುಡ, ಆಮೇಲೆ ಸೀಳು, ಸ್ಟೇಪ್ಲರ್ ಗೆರೆಗಳು, ಕೊನೆಗೆ ಎದೆಗೋಡೆಯಿಂದ ಬಿಡಿಸಿದ ಮೇಲ್ಮೈ. ಶ್ವಾಸಕೋಶ ತೇಲುತ್ತದೆ, ಗಾಜ್ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಪ್ರತಿ ಭಾಗವನ್ನೂ ನೀರಿನೊಳಗೆ ಇಳಿಸಬೇಕು. ಗುಳ್ಳೆ ಕಂಡ ಜಾಗದ ಪಕ್ಕದಲ್ಲಿ ಒಂದು ಸಣ್ಣ ಹೊಲಿಗೆಯ ಗುರುತು ಹಾಕಿಕೊಳ್ಳಿ, ನೀರು ತೆಗೆದ ಮೇಲೆ ಆ ಜಾಗ ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಶಸ್ತ್ರಚಿಕಿತ್ಸೆಯಲ್ಲಿ ಮುಳುಗಿಸುವುದು ಕಷ್ಟವಾದರೆ ವೆಂಟಿಲೇಟರ್ ಒಳಗೆ ಕಳುಹಿಸಿದ ಗಾಳಿಗೂ ಹೊರಗೆ ಮರಳಿದ ಗಾಳಿಗೂ ಇರುವ ವ್ಯತ್ಯಾಸವನ್ನು ಕೇಳಿಕೊಳ್ಳಿ.

ಸೋರಿಕೆಯ ಪ್ರಮಾಣವನ್ನು ಹೇಳಲು ಮ್ಯಾಕಿಯಾರಿನಿ ಶ್ರೇಣಿ ಸಾಕು. ಗುಳ್ಳೆಯೇ ಇಲ್ಲದಿದ್ದರೆ 0. ಎಣಿಸಬಹುದಾದ ಬಿಡಿ ಗುಳ್ಳೆಗಳಿದ್ದರೆ 1. ಸಾಲಾಗಿ ಹರಿದರೆ 2. ಒಂದರೊಳಗೊಂದು ಸೇರಿ ಉಕ್ಕಿದರೆ 3. ಈ ಅಂಕಿಯನ್ನು ಆಪರೇಷನ್ ಟಿಪ್ಪಣಿಯಲ್ಲಿ ಬರೆಯಿರಿ. ಅಂಟು ಹಚ್ಚಿದ ನಂತರದ ಅಂಕಿಯನ್ನೂ ಬರೆದರೆ ವಾರ್ಡಿನವರಿಗೆ ಏನನ್ನು ನಿರೀಕ್ಷಿಸಬೇಕು ಎಂಬುದು ತಿಳಿಯುತ್ತದೆ.

ಹೊಲಿಯಬೇಕೋ, ಅಂಟಿಸಬೇಕೋ, ಬಿಟ್ಟುಬಿಡಬೇಕೋ

ಶ್ವಾಸನಾಳದ ಬುಡದಿಂದಲೇ ಗುಳ್ಳೆ ಬಂದರೆ ಅಂಟಿನ ಮಾತೇ ಬೇಡ. ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು, ಸ್ನಾಯುವಿನ ಅಥವಾ ಪೆರಿಕಾರ್ಡಿಯಂ ಕೊಬ್ಬಿನ ಹೊದಿಕೆ ಕೊಡಬೇಕು. ಪ್ರೊಜೆಲ್ ಎಂಬ ಅಂಟಿನ ಸೂಚನಾಪತ್ರ ದೊಡ್ಡ ಶ್ವಾಸನಾಳಗಳ ಮೇಲೆ ಅದನ್ನು ಹಚ್ಚಕೂಡದೆಂದು ಸ್ಪಷ್ಟವಾಗಿ ಎಚ್ಚರಿಸುತ್ತದೆ.

3ನೇ ಶ್ರೇಣಿಯ ಸೋರಿಕೆಗೆ ಮೊದಲು ಹೊಲಿಗೆ ಅಥವಾ ಸ್ಟೇಪ್ಲರ್, ಆಮೇಲೆ ಬೇಕಾದರೆ ಮೇಲೊಂದು ಪದರ ಅಂಟು. ಹೊಲಿಯಲು ಸಣ್ಣ ಸೂಜಿಯ 4-0 ದಾರ, ಕೆಳಗೆ ಆಸರೆಯ ತುಂಡು. 2ನೇ ಶ್ರೇಣಿ ಅಂಟಿನ ನಿಜವಾದ ಕ್ಷೇತ್ರ, ಅದರಲ್ಲೂ ಸೂಜಿಯ ತೂತೇ ಸೋರುವ ಎಂಫಿಸೀಮಾದಲ್ಲಿ. 1ನೇ ಶ್ರೇಣಿಯ ಬಿಡಿ ಗುಳ್ಳೆಗಳನ್ನು ಆರೋಗ್ಯವಂತ ಶ್ವಾಸಕೋಶದಲ್ಲಿ ಹಾಗೆಯೇ ಬಿಡುವುದು ಸರಿ. ನಮ್ಮ ಬೀಡಿ ಸೇದಿದ ರೋಗಿಯಲ್ಲಾದರೆ ನಾನು ಅಂಟು ಹಚ್ಚುವುದರ ಪರ.

ಎಲ್ಲರಿಗೂ ಹಚ್ಚಿಬಿಟ್ಟರೆ ಆಗದೇ ಎಂದು ಕಿರಿಯರು ಕೇಳುತ್ತಾರೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅಂಟಿನ ಬಳಕೆಯ ಬಗ್ಗೆ ನಡೆದ 16 ಪ್ರಯೋಗಗಳನ್ನು, ಒಟ್ಟು 1642 ರೋಗಿಗಳನ್ನು, ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಿಗೆ ಇಟ್ಟು ನೋಡಿತು. ಅಂಟು ಸೋರಿಕೆಯನ್ನೂ ಪೈಪು ಇರುವ ಅವಧಿಯನ್ನೂ ಕಡಿಮೆ ಮಾಡುತ್ತದೆ, ಆದರೆ ಆಸ್ಪತ್ರೆಯ ದಿನಗಳು ಅದಕ್ಕೆ ತಕ್ಕಂತೆ ಖಚಿತವಾಗಿ ಇಳಿಯುವುದಿಲ್ಲ, ಹಾಗಾಗಿ ಎಲ್ಲರಿಗೂ ವಾಡಿಕೆಯಾಗಿ ಬಳಸಬೇಕೆಂದು ಹೇಳಲಾಗದು ಎಂಬುದು ಅದರ ತೀರ್ಮಾನ. ದುಡ್ಡಿಗೆ ಕಷ್ಟವಿರುವ ನಮ್ಮ ಆಸ್ಪತ್ರೆಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕವಿದೆ. ನೀರಿನ ಪರೀಕ್ಷೆಯಲ್ಲಿ ಸೋರಿಕೆ ಕಂಡವರಿಗೆ ಮಾತ್ರ ಅಂಟು, ಕಾಣದವರಿಗೆ ಬೇಡ.

ಯಾವ ಅಂಟು

ಫೈಬ್ರಿನ್ ಅಂಟಿನಲ್ಲಿ ಎರಡು ದ್ರವಗಳು: ಫೈಬ್ರಿನೋಜೆನ್ ಮತ್ತು ಥ್ರಾಂಬಿನ್. ಎರಡೂ ಸೇರಿದ ಕೂಡಲೇ, ರಕ್ತ ಹೆಪ್ಪುಗಟ್ಟುವ ಕೊನೆಯ ಹಂತದಲ್ಲಿ ಆಗುವಂತೆಯೇ, ಫೈಬ್ರಿನ್ ಜಾಲ ಕಟ್ಟುತ್ತದೆ. 1972ರಲ್ಲಿ ವಿಯೆನ್ನಾದ ಹೆಲೆನೆ ಮಾತ್ರಾಸ್ ಮತ್ತು ಸಂಗಡಿಗರು ಕತ್ತರಿಸಿದ ನರವನ್ನು ಇದರಿಂದ ಕೂಡಿಸಿ ತೋರಿಸಿದ ಮೇಲೆ ಯುರೋಪಿನಲ್ಲಿ ಬಳಕೆ ಹಬ್ಬಿತು. ಅಮೆರಿಕ ಮಾತ್ರ ಹೆಪಟೈಟಿಸ್ ಹರಡುವ ಭಯದಿಂದ 1978ರಲ್ಲಿ ಮಾನವ ಫೈಬ್ರಿನೋಜೆನ್‌ನ ಪರವಾನಗಿಯನ್ನು ಹಿಂತೆಗೆದುಕೊಂಡಿತ್ತು. ವೈರಸ್ ನಾಶಪಡಿಸುವ ವಿಧಾನಗಳು ಬಂದ ಮೇಲೆ 1998ರಲ್ಲಿ ಅಲ್ಲಿಯೂ ಟಿಸೀಲ್ ಎಂಬ ಫೈಬ್ರಿನ್ ಅಂಟಿಗೆ ಒಪ್ಪಿಗೆ ಸಿಕ್ಕಿತು. ಇದೇ ಎರಡು ವಸ್ತುಗಳನ್ನು ಕೊಲಾಜೆನ್ ಹಾಳೆಯ ಮೇಲೆ ಒಣಗಿಸಿ ಲೇಪಿಸಿದ್ದು ಟ್ಯಾಕೋಸಿಲ್ ಪಟ್ಟಿ.

ಪ್ರೊಜೆಲ್ ಮಾನವ ಆಲ್ಬುಮಿನ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಸೇರಿದ ಜೆಲ್. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಶ್ವಾಸಕೋಶದ ಗಾಳಿ ಸೋರಿಕೆಗೆಂದೇ. ಶ್ವಾಸಕೋಶದೊಂದಿಗೆ ಹಿಗ್ಗುವ ಗುಣ ಅದರ ಬಲ. ಒಬ್ಬ ರೋಗಿಗೆ 30 ಮಿ.ಲೀ. ಮೀರಬಾರದು, ಮೂತ್ರಪಿಂಡ ತೀವ್ರವಾಗಿ ಕೆಟ್ಟವರಿಗೆ ಸಲ್ಲದು. ಬಯೋಗ್ಲೂ ಗಟ್ಟಿಯಾಗುವ ಅಂಟು, ರಕ್ತನಾಳಗಳ ಹೊಲಿಗೆಯ ಮೇಲೆ ಅದಕ್ಕೆ ಒಳ್ಳೆಯ ಹೆಸರಿದೆ. ಸದಾ ಆಡುವ ಶ್ವಾಸಕೋಶದ ಮೇಲೆ ಬಿಗಿಯಾದ ಹೊದಿಕೆ ಅಂಚಿನಲ್ಲಿ ಹರಿಯುವ ಸಂಭವ ಹೆಚ್ಚು. ತೇವ ತಾಗಿದೊಡನೆ ಬಿಸಿಯಾಗಿ ಕಲ್ಲಾಗುವ ಸಯನೋಅಕ್ರಿಲೇಟ್‌ಗೂ ಇದೇ ಆಕ್ಷೇಪ. ಅದರ ಉಪಯೋಗ ಬೇರೆ ಕಡೆ ಇದೆ, ಮುಂದೆ ಹೇಳುತ್ತೇನೆ.

ಅಂಟನ್ನು ಸಿದ್ಧಪಡಿಸುವುದು: ಸ್ಕ್ರಬ್ ನರ್ಸ್‌ನ ಕೆಲಸ

ಸೋರಿಕೆಯ ಪರೀಕ್ಷೆ ಆರಂಭವಾಗುವಾಗಲೇ ಫೈಬ್ರಿನ್ ಅಂಟನ್ನು ಕರಗಿಸಲು ಇಡಬೇಕು. ಪುಡಿಯ ರೂಪದ್ದಾದರೆ 37 ಡಿಗ್ರಿಯಲ್ಲಿ ಕಲಸಬೇಕು, ಹೆಪ್ಪುಗಟ್ಟಿಸಿದ್ದಾದರೆ ಕರಗಿಸಬೇಕು. ಹೀಗೆ ಕಲಸಿದ ಟಿಸೀಲ್ ಅನ್ನು ನಾಲ್ಕು ಗಂಟೆಯೊಳಗೆ ಬಳಸಬೇಕು. ಎರಡು ಸಿರಿಂಜುಗಳನ್ನು ಜೋಡು ಹಿಡಿಕೆಯಲ್ಲಿ ಕೂರಿಸಿ, ಎರಡರಲ್ಲೂ ದ್ರವದ ಮಟ್ಟ ಸಮವಾಗಿದೆಯೇ ನೋಡಿ. ತುದಿಯ ನಳಿಕೆಯನ್ನು ಹಚ್ಚುವ ಕ್ಷಣದವರೆಗೆ ತುಂಬಿಸಬೇಡಿ. ಹಚ್ಚುವಾಗ ನಡುವೆ ನಿಲ್ಲಿಸಿದರೆ ತುದಿಯಲ್ಲಿ ಅಂಟು ಗಟ್ಟಿಯಾಗುತ್ತದೆ, ಬಲವಾಗಿ ಒತ್ತಿದರೆ ಒಂದೇ ದ್ರವ ಹೊರಚಿಮ್ಮುತ್ತದೆ. ಆಗ ತುದಿಯನ್ನು ಬದಲಿಸಿ. ಹೆಚ್ಚುವರಿ ತುದಿಗಳು ಟ್ರಾಲಿಯ ಮೇಲೆ ಇರಲಿ.

ಬಹಳ ಕಡೆ ಮರೆತುಹೋಗುವ ಸಂಗತಿ ಒಂದಿದೆ. ಅಯೋಡಿನ್ ಮತ್ತು ಆಲ್ಕೋಹಾಲ್ ತಾಗಿದರೆ ಫೈಬ್ರಿನೋಜೆನ್ ಮತ್ತು ಥ್ರಾಂಬಿನ್ ಕೆಟ್ಟುಹೋಗುತ್ತವೆ. ಎದೆಗೂಡನ್ನು ಅಯೋಡಿನ್ ಇರುವ ಬೆಟಾಡಿನ್ ಬೆರೆಸಿದ ನೀರಿನಿಂದ ತೊಳೆಯುವ ಅಭ್ಯಾಸವಿರುವ ಥಿಯೇಟರ್‌ಗಳಲ್ಲಿ, ಅಂಟಿಗೆ ಮೊದಲು ಬರಿಯ ಸಲೈನ್‌ನಿಂದ ಮತ್ತೊಮ್ಮೆ ಚೆನ್ನಾಗಿ ತೊಳೆಯಬೇಕು.

ಹಚ್ಚುವ ಕ್ಷಣ

ನೀರನ್ನು ಪೂರ್ತಿ ಹೀರಿ ತೆಗೆಯಿರಿ. ರಕ್ತ ಜಿನುಗುತ್ತಿದ್ದರೆ ನಿಲ್ಲಿಸಿ. ಆ ಕಡೆಯ ಶ್ವಾಸಕೋಶಕ್ಕೆ ಗಾಳಿ ಕೊಡುವುದನ್ನು ಅರಿವಳಿಕೆ ವೈದ್ಯರು ನಿಲ್ಲಿಸಲಿ. ಒಣ ಗಾಜ್‌ನಿಂದ ಮೇಲ್ಮೈಯನ್ನು ಒತ್ತಿ ಒಣಗಿಸಿ. ಉಜ್ಜಬಾರದು, ಉಜ್ಜಿದರೆ ಪೊರೆ ಇನ್ನಷ್ಟು ಹರಿಯುತ್ತದೆ. ಒದ್ದೆಯ ಮೇಲೆ ಹಚ್ಚಿದ ಅಂಟು ನೀರಿನ ಮೇಲೆ ತೇಲುವ ಪದರವಾಗಿ ಗಟ್ಟಿಯಾಗುತ್ತದೆ, ಮೊದಲ ಕೆಮ್ಮಿಗೇ ಎದ್ದುಬರುತ್ತದೆ. ಅಂಟು ಕೈಕೊಟ್ಟಿತು ಎಂದು ದೂರುವ ಸಂದರ್ಭಗಳಲ್ಲಿ ಬಹುಪಾಲು ಈ ಒಂದು ನಿಮಿಷದ ಅವಸರದಿಂದ ಆದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶ್ವಾಸಕೋಶ ಎಷ್ಟು ಹಿಗ್ಗಿರಬೇಕು? ಪೂರ್ತಿ ಕುಗ್ಗಿದಾಗ ಹಚ್ಚಿದರೆ ಹಿಗ್ಗುವಾಗ ಪದರ ಬಿರುಕು ಬಿಡುತ್ತದೆ. ಗಾಳಿ ಹರಿಯುತ್ತಿರುವಾಗ ಹಚ್ಚಿದರೆ ಗುಳ್ಳೆ ಅಂಟಿನೊಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಹಿಗ್ಗುವ ಗುಣ ಕಡಿಮೆ ಇರುವ ಅಂಟಿಗೆ ಮತ್ತು ಪಟ್ಟಿಗೆ ಅರ್ಧ ಹಿಗ್ಗಿದ ಸ್ಥಿತಿಯಲ್ಲಿ ಗಾಳಿಯನ್ನು ನಿಲ್ಲಿಸಿ ಹಿಡಿದುಕೊಳ್ಳುವುದು ಒಳ್ಳೆಯದು. ಪ್ರತಿ ಅಂಟಿನ ಪೆಟ್ಟಿಗೆಯಲ್ಲಿರುವ ಸೂಚನಾಪತ್ರದಲ್ಲಿ ಸ್ಥಿತಿ ಮತ್ತು ಕಾಯುವ ಸಮಯ ನಮೂದಾಗಿರುತ್ತದೆ, ಥಿಯೇಟರಿನಲ್ಲಿ ಅದನ್ನು ಒಬ್ಬರು ಜೋರಾಗಿ ಓದಲಿ.

ದ್ರವದ ಅಂಟಾದರೆ ಸೋರುವ ಜಾಗವನ್ನು ದಾಟಿ ಸುತ್ತಲೂ ಒಂದೆರಡು ಸೆಂಟಿಮೀಟರ್‌ವರೆಗೆ ತೆಳುವಾಗಿ ಹಚ್ಚಿ. ದಪ್ಪಗೆ ಸುರಿದ ಫೈಬ್ರಿನ್ ಹೆಚ್ಚು ಹಿಡಿಯುವುದಿಲ್ಲ, ಗಡ್ಡೆಯಾಗಿ ಜಾರುತ್ತದೆ. ಗಾಳಿಯ ಒತ್ತಡದಿಂದ ಸಿಂಪಡಿಸುವ ಸಾಧನ ಬಳಸಿದರೆ ತಯಾರಕರು ಹೇಳಿದ ದೂರ, ಒತ್ತಡ ಎರಡನ್ನೂ ಮೀರಬಾರದು. ತೀರಾ ಹತ್ತಿರ ಹಿಡಿದು ಸಿಂಪಡಿಸಿದಾಗ ಗಾಳಿ ರಕ್ತನಾಳ ಹೊಕ್ಕು ಪ್ರಾಣಾಪಾಯವಾದ ಪ್ರಕರಣಗಳು ದಾಖಲಾಗಿವೆ. ತೆರೆದ ರಕ್ತನಾಳದೊಳಗೆ ಅಂಟು ಹೋಗಲೇಬಾರದು.

ಪಟ್ಟಿಯಾದರೆ ಹಳದಿ ಬಣ್ಣದ ಮುಖ ಶ್ವಾಸಕೋಶದ ಕಡೆಗೆ. ಹರಿದ ಜಾಗದ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಹೊರಚಾಚುವಷ್ಟು ದೊಡ್ಡದಾಗಿ ಕತ್ತರಿಸಿ, ಸಲೈನ್‌ನಲ್ಲಿ ಕ್ಷಣಮಾತ್ರ ತೇವಗೊಳಿಸಿ ಕೂಡಲೇ ಇಡಿ. ಒದ್ದೆ ಗಾಜ್ ಮೇಲಿಟ್ಟು 3ರಿಂದ 5 ನಿಮಿಷ ಸಮನಾಗಿ ಒತ್ತಿ ಹಿಡಿಯಿರಿ. ಕೈಗವಸಿಗೆ ರಕ್ತ ಮೆತ್ತಿದ್ದರೆ ಪಟ್ಟಿ ಅದಕ್ಕೇ ಅಂಟುತ್ತದೆ, ಮೊದಲೇ ಸಲೈನ್‌ನಲ್ಲಿ ತೊಳೆದುಕೊಳ್ಳಿ. ಗಾಜ್ ತೆಗೆಯುವಾಗ ಪಟ್ಟಿಯ ಒಂದು ಅಂಚನ್ನು ಉಪಕರಣದಿಂದ ಮೆಲ್ಲಗೆ ಒತ್ತಿಹಿಡಿದು ಗಾಜ್ ಬಿಡಿಸಿ.

ನಂತರ ಕಾಯಿರಿ. ಸಾಂದ್ರ ಥ್ರಾಂಬಿನ್ ಇರುವ ಫೈಬ್ರಿನ್ ಕೆಲವೇ ಸೆಕೆಂಡುಗಳಲ್ಲಿ ಬೆಳ್ಳಗಾಗುತ್ತದೆ, ಆದರೆ ಬಲ ಬರಲು ನಿಮಿಷಗಳು ಬೇಕು. ಗಡಿಯಾರ ನೋಡಿ ಸಮಯ ಹೇಳುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ.

ಮತ್ತೆ ಪರೀಕ್ಷೆ, ಮತ್ತು ಮುಚ್ಚುವುದು

ಅಂಟು ಬಲಿತ ಮೇಲೆ ಶ್ವಾಸಕೋಶವನ್ನು ನಿಧಾನವಾಗಿ ಹಿಗ್ಗಿಸಿ, ಒತ್ತಡ ಮತ್ತೆ 20 ಸೆಂ.ಮೀ. ದಾಟದಿರಲಿ. ಸಲೈನ್ ಸುರಿದು ನೋಡಿ. ಗುಳ್ಳೆ ಇಲ್ಲದಿದ್ದರೆ ಸರಿ. ಪದರದ ಕೆಳಗೆ ಗಾಳಿ ಸೇರಿ ಉಬ್ಬಿದ್ದರೆ ಅದರ ಮೇಲೆ ಮತ್ತೊಂದು ಪದರ ಬಳಿದು ಪ್ರಯೋಜನವಿಲ್ಲ. ಸಡಿಲವಾದದ್ದನ್ನು ಎತ್ತಿ ತೆಗೆದು, ಹೊಲಿಗೆ ಬೇಕೇ ಎಂದು ಮತ್ತೆ ಯೋಚಿಸಿ, ಒಣಗಿಸಿ, ಹೊಸದಾಗಿ ಹಚ್ಚಿ.

ಪೈಪಿನ ತುದಿಯನ್ನು ಎದೆಯ ಮೇಲ್ಭಾಗಕ್ಕೆ ತಲುಪಿಸಿ, ಅದು ಅಂಟಿದ ಜಾಗವನ್ನು ಉಜ್ಜದಂತೆ ನೋಡಿ. ಎದೆ ಮುಚ್ಚುವ ಮೊದಲು ಶ್ವಾಸಕೋಶ ಎಲ್ಲ ಕಡೆ ಗೋಡೆ ಮುಟ್ಟುತ್ತಿದೆಯೇ ಎಂದು ಕಣ್ಣಾರೆ ನೋಡುವುದು ತಪ್ಪಬಾರದು. ಅರಿವಳಿಕೆ ವೈದ್ಯರಿಗೆ ಎರಡು ಕೋರಿಕೆಗಳು: ಗಂಟಲ ನಳಿಕೆಯ ಮೇಲೆ ರೋಗಿ ಜೋರಾಗಿ ಕೆಮ್ಮಿ ಒದ್ದಾಡದಂತೆ ಎಬ್ಬಿಸುವುದು, ಸಾಧ್ಯವಾದರೆ ಟೇಬಲಿನ ಮೇಲೆಯೇ ನಳಿಕೆ ತೆಗೆಯುವುದು. ವೆಂಟಿಲೇಟರಿನ ಒತ್ತಡದ ಉಸಿರು ಅಂಟಿಗೆ ದೊಡ್ಡ ಶತ್ರು.

ವಾರ್ಡಿನಲ್ಲಿ ಬಾಟಲಿಯನ್ನು ಓದುವುದು

ಬಾಟಲಿಯ ನಳಿಕೆಯಲ್ಲಿ ನೀರು ಉಸಿರಿನೊಂದಿಗೆ ಏರಿಳಿದರೆ ಪೈಪು ತೆರೆದಿದೆ ಎಂದು ಅರ್ಥ. ಗುಳ್ಳೆ ಬಂದರೆ ಗಾಳಿ ಸೋರುತ್ತಿದೆ ಎಂದು ಅರ್ಥ. ಮನೆಯವರು ನೀರಿನ ಏರಿಳಿತವನ್ನೇ ಸೋರಿಕೆ ಎಂದುಕೊಂಡು ಹೆದರುತ್ತಾರೆ, ಮೊದಲ ದಿನವೇ ತೋರಿಸಿ ವಿವರಿಸಿ. ರೋಗಿಯನ್ನು ಕೂರಿಸಿ, ಮೊದಲು ಸಹಜ ಉಸಿರು, ಆಮೇಲೆ ಕೆಮ್ಮು. ಕೆಮ್ಮಿದಾಗ ಮಾತ್ರ ಗುಳ್ಳೆ ಬಂದರೆ ಸಣ್ಣ ಸೋರಿಕೆ, ಪ್ರತಿ ಉಸಿರಿಗೂ ಬಂದರೆ ದೊಡ್ಡದು. ಇದನ್ನು ದಿನಕ್ಕೆ ಎರಡು ಹೊತ್ತು ಒಂದೇ ರೀತಿಯಲ್ಲಿ ಬರೆದಿಡಿ.

ಗುಳ್ಳೆ ಶ್ವಾಸಕೋಶದಿಂದಲೇ ಬರಬೇಕೆಂದಿಲ್ಲ. ಪೈಪು ಮತ್ತು ಟ್ಯೂಬಿನ ಕೂಡು ಸಡಿಲವಾಗಿರಬಹುದು, ಪೈಪಿನ ಪಕ್ಕದ ತೂತು ಚರ್ಮದ ಹೊರಗೆ ಜಾರಿರಬಹುದು. ಮೊದಲು ಇವನ್ನು ನೋಡಿ.

ಗುಳ್ಳೆ ಬರುತ್ತಿರುವ ಪೈಪಿಗೆ ಕ್ಲ್ಯಾಂಪ್ ಹಾಕಕೂಡದು. ಎಕ್ಸ್‌ರೇಗೆ ಕರೆದೊಯ್ಯುವಾಗ, ಹಾಸಿಗೆ ಬದಲಿಸುವಾಗ ಒಳ್ಳೆಯ ಉದ್ದೇಶದಿಂದಲೇ ಕ್ಲ್ಯಾಂಪ್ ಹಾಕುವವರಿದ್ದಾರೆ. ಹೊರದಾರಿ ಇಲ್ಲದ ಗಾಳಿ ಎದೆಯೊಳಗೆ ಸೇರಿ ಹೃದಯವನ್ನೇ ಅದುಮಿಬಿಡಬಹುದು. ಬಾಟಲಿ ಸದಾ ಎದೆಯ ಮಟ್ಟಕ್ಕಿಂತ ಕೆಳಗಿರಲಿ, ಅಷ್ಟು ಸಾಕು. ಕತ್ತು, ಎದೆಯ ಚರ್ಮ ಉಬ್ಬಿ, ಬೆರಳಿಟ್ಟರೆ ಚರಚರ ಎಂದರೆ ಗಾಳಿ ಚರ್ಮದಡಿ ಹರಡುತ್ತಿದೆ, ತಕ್ಷಣ ವೈದ್ಯರನ್ನು ಕರೆಯಿರಿ.

ಎಲ್ಲ ಸೋರಿಕೆಗೂ ಸಕ್ಷನ್ ಹಾಕಿ ಎಳೆಯುವುದು ಹಳೆಯ ಅಭ್ಯಾಸ. ಶ್ವಾಸಕೋಶ ಹಿಗ್ಗಿದ್ದು ಸೋರಿಕೆ ಸಣ್ಣದಿದ್ದರೆ ಸಕ್ಷನ್ ತೆಗೆದು, ಎಳೆತವಿಲ್ಲದೆ ಬಾಟಲಿಯ ನೀರಿನ ತಡೆಯ (ವಾಟರ್ ಸೀಲ್) ಮೇಲೆಯೇ ಬಿಟ್ಟರೆ ಹಲವು ಸಲ ಬೇಗ ನಿಲ್ಲುತ್ತದೆ. ಶ್ವಾಸಕೋಶ ಕುಸಿದರೆ ಅಥವಾ ಚರ್ಮದಡಿ ಗಾಳಿ ಹೆಚ್ಚಿದರೆ ಮತ್ತೆ ಸಕ್ಷನ್, 10ರಿಂದ 20 ಸೆಂ.ಮೀ. ನೀರಿನ ಮಟ್ಟದಲ್ಲಿ. ಡಿಜಿಟಲ್ ಯಂತ್ರವಿರುವ ಕಡೆ ಕೆಲಸ ಸುಲಭ: ಹರಿವು ನಿಮಿಷಕ್ಕೆ 20ರಿಂದ 40 ಮಿ.ಲೀ.ಗಿಂತ ಕೆಳಗೆ ಹಲವು ಗಂಟೆ ನಿಂತರೆ ಪೈಪು ತೆಗೆಯುವ ಮಾತಾಡಬಹುದು.

ನೋವಿಗೆ ಸಾಕಷ್ಟು ಔಷಧ ಕೊಡಿ. ನೋವಿರುವವರು ಆಳವಾಗಿ ಉಸಿರಾಡುವುದಿಲ್ಲ, ಆಳವಾಗಿ ಉಸಿರಾಡದಿದ್ದರೆ ಶ್ವಾಸಕೋಶ ಗೋಡೆ ಮುಟ್ಟುವುದಿಲ್ಲ. ಬಾಟಲಿ ಹಿಡಿದು ನಡೆಸಿ, ಫಿಸಿಯೋಥೆರಪಿ ಮಾಡಿಸಿ, ಪ್ರೋಟೀನ್ ಇರುವ ಊಟ ಕೊಡಿಸಿ.

ಐದು ದಿನ ದಾಟಿದರೆ

ಮೊದಲ ಆಯ್ಕೆ ತಾಳ್ಮೆ. ಶ್ವಾಸಕೋಶ ಹಿಗ್ಗಿದ್ದು ಜ್ವರವಿಲ್ಲದಿದ್ದರೆ ಒಮ್ಮುಖ ಕವಾಟ ಜೋಡಿಸಿ, ಪೈಪಿನೊಂದಿಗೇ ಮನೆಗೆ ಕಳುಹಿಸಬಹುದು. ಹೈಮ್ಲಿಕ್ ಕವಾಟ ಎಂದು ಕರೆಯುವ ಈ ಸಣ್ಣ ಸಾಧನ ಬಾಟಲಿಯ ಭಾರವಿಲ್ಲದೆ ಗಾಳಿಯನ್ನು ಹೊರಬಿಡುತ್ತದೆ, ಒಳಗೆ ಬಿಡುವುದಿಲ್ಲ.

ರೋಗಿಯ ಸ್ವಂತ ರಕ್ತವೇ ಅಗ್ಗದ ಅಂಟು ಎಂಬುದು ಹಲವರಿಗೆ ತಿಳಿದಿಲ್ಲ. ತೋಳಿನಿಂದ 50ರಿಂದ 100 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟುವ ಮೊದಲೇ ಪೈಪಿನ ಮೂಲಕ ಎದೆಯೊಳಗೆ ಬಿಡುತ್ತಾರೆ. ರಕ್ತ ಹಿಂದಿರುಗದಂತೆ, ಆದರೆ ಗಾಳಿ ಹೊರಹೋಗುವಂತೆ, ಟ್ಯೂಬನ್ನು ಹಾಸಿಗೆಯ ಮೇಲೆ ಎತ್ತರದಲ್ಲಿ ಸುತ್ತಿ ಕೆಲವು ಗಂಟೆ ತೂಗುಹಾಕುತ್ತಾರೆ, ರೋಗಿಯನ್ನು ಆಗಾಗ ಹೊರಳಿಸುತ್ತಾರೆ. ಪೈಪು ಹೆಪ್ಪಿನಿಂದ ಕಟ್ಟಿಕೊಳ್ಳುವುದು ಮತ್ತು ಸೋಂಕು ಇದರ ಅಪಾಯಗಳು. ಅದಕ್ಕೇ ಆ ಕೆಲವು ಗಂಟೆ ಸಿಸ್ಟರ್ ಪಕ್ಕದಲ್ಲೇ ಇರಬೇಕು. ದುಬಾರಿ ಅಂಟು ಸಿಗದ ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಕಲಿಸಬೇಕೆಂಬುದು ನನ್ನ ಆಗ್ರಹ.

ಶ್ವಾಸನಾಳದ ದುರ್ಬೀನಿನ ಮೂಲಕವೂ ಸೋರಿಕೆಯನ್ನು ಮುಚ್ಚಬಹುದು. ಸಣ್ಣ ಬಲೂನಿನಿಂದ ಒಂದೊಂದೇ ಕವಲನ್ನು ಮುಚ್ಚುತ್ತಾ ಹೋದಾಗ ಯಾವುದನ್ನು ಮುಚ್ಚಿದರೆ ಬಾಟಲಿಯ ಗುಳ್ಳೆ ನಿಲ್ಲುತ್ತದೋ ಅದೇ ದಾರಿ. ಅಲ್ಲಿ ಫೈಬ್ರಿನ್ ಅಥವಾ ಸಯನೋಅಕ್ರಿಲೇಟ್ ಬಿಡುತ್ತಾರೆ, ಇಲ್ಲವೇ ಒಮ್ಮುಖ ಕವಾಟ ಕೂರಿಸುತ್ತಾರೆ. ಯಾವುದೂ ಫಲಿಸದಿದ್ದರೆ, ಅಥವಾ ಮೊದಲ ದಿನದಿಂದಲೇ ಸೋರಿಕೆ ಭಾರಿಯಾಗಿದ್ದರೆ, ಮತ್ತೆ ಥಿಯೇಟರ್.

ಮನೆಗೆ ಹೋಗುವವರಿಗೆ

ಉಬ್ಬಸ ಹಠಾತ್ತನೆ ಹೆಚ್ಚಿದರೆ, ಎದೆಯಲ್ಲಿ ಹೊಸ ನೋವು ಬಂದರೆ, ಜ್ವರ ಕಾಣಿಸಿದರೆ, ಕತ್ತು ಊದಿದರೆ ಅಂದೇ ಆಸ್ಪತ್ರೆಗೆ ಬನ್ನಿ. ಮಲಗಿದಾಗ ಬಾಯಿಗೆ ತೆಳುವಾದ, ಕೆಂಪು ಅಥವಾ ಕಂದು ಬಣ್ಣದ ನೀರು ರಾಶಿಯಾಗಿ ಬಂದರೆ ಶ್ವಾಸನಾಳದ ಬುಡ ಬಿಟ್ಟಿರಬಹುದು. ಆಗ ಆಪರೇಷನ್ ಆದ ಮಗ್ಗುಲು ಕೆಳಗಾಗುವಂತೆ ತಿರುಗಿಸಿ, ತಲೆಯ ಕಡೆ ಎತ್ತರಿಸಿ, ಹಾಗೆಯೇ ಆಂಬುಲೆನ್ಸಿನಲ್ಲಿ ಕರೆತನ್ನಿ. ಇಲ್ಲದಿದ್ದರೆ ಆ ನೀರು ಒಳ್ಳೆಯ ಶ್ವಾಸಕೋಶಕ್ಕೆ ನುಗ್ಗುತ್ತದೆ. ಎಕ್ಸ್‌ರೇ ನೋಡಿ ವೈದ್ಯರು ಒಪ್ಪುವವರೆಗೆ ವಿಮಾನ ಪ್ರಯಾಣ ಬೇಡ.

ಡಿಸ್ಚಾರ್ಜ್ ಪತ್ರ ಪಡೆಯುವಾಗ ಅದರಲ್ಲಿ ಅಂಟಿನ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಎಲ್ಲಿ ಹಚ್ಚಲಾಗಿದೆ ಎಂಬುದು ಇದೆಯೇ ನೋಡಿ. ಪ್ಲಾಸ್ಮಾದಿಂದ ಮಾಡಿದ ಉತ್ಪನ್ನವಾದರೆ ಬ್ಯಾಚ್ ಸಂಖ್ಯೆ ಮುಂದೆ ಬೇಕಾಗಬಹುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಆಗುವುದಾದರೆ ಅಲರ್ಜಿಯ ಲೆಕ್ಕಕ್ಕೂ ಬೇಕು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.